ನಲವತ್ತನೆಯ ಎಲೆ

ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಎಲ್ಲರಿಗೂ ಅವನು ಹಲ್ಲಣ್ಣ. ಆ ಬೀದಿಯಲ್ಲಿ ಅರವತ್ತು ದಾಟಿದ ಅರ್ಧಕ್ಕರ್ಧ ಜನ ಅಗಿಯುತ್ತಿದ್ದದ್ದು, ನಗುತ್ತಿದ್ದದ್ದು, ಸೊಸೆಯ ಮೇಲೆ ಹಲ್ಲು ಕಡಿಯುತ್ತಿದ್ದದ್ದು ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟಿನಲ್ಲೇ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕುದಿಯುವ ನೀರಿನಲ್ಲಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತಿದ್ದ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹುಬ್ಬಿನಲ್ಲಿ, ಕಿವಿಯ ಹಿಂದೆ, ಚಹಾ ಲೋಟದ ಅಂಚಿನಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟರಿನ ಬಿಳಿ ಪುಡಿ. ಮದುವೆಯ ಯೋಚನೆ ಒಂದೆರಡು ಸಲ ಬಂದು, ಈ ಪುಡಿ ನೋಡಿ ಹಿಂದಿರುಗಿ ಹೋಯಿತೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಕೆಲಸದ ಕೋಣೆಯ ಮೇಲಿನ ಕಪಾಟಿನಲ್ಲಿ ಹನ್ನೊಂದು ಸೆಟ್ಟು ಹಲ್ಲು ಸಾಲಾಗಿ ಕೂತಿದ್ದವು. ಮಾಡಿಸಿದವರು ತೆಗೆದುಕೊಂಡು ಹೋಗಲು ಬಂದಿರಲಿಲ್ಲ. ಯಾರಾದರೂ ಕೇಳಿದರೆ ಹಲ್ಲಣ್ಣ, ಅವರು ಊರಿಗೆ ಹೋಗಿದ್ದಾರೆ, ಬಂದಮೇಲೆ ಒಯ್ಯುತ್ತಾರೆ ಅನ್ನುತ್ತಿದ್ದ. ಯಾವ ಊರಿಗೆ ಹೋಗಿದ್ದಾರೆಂದು ಅವನಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ನೋಡಲಾಗದ ಜಾತಿಯ ಮನುಷ್ಯ ಅವನು. ಇಂಥವರನ್ನು ಜನ ಒಳ್ಳೆಯವರು ಅನ್ನುತ್ತಾರೆ. ಅನ್ನಲಿ. ಅದರಿಂದ ಆಗುವ ಅನಾಹುತ ಏನೆಂದು ಹೇಳಲಿಕ್ಕೇ ಈ ಕತೆ.

ಇಷ್ಟು ಮೆತ್ತಗಿನ ಮನುಷ್ಯ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬೇರೆಯೇ ಆಗಿಬಿಡುತ್ತಿದ್ದ. ಕೆಲಸದ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸುತ್ತ ಕುರ್ಚಿ ಹಾಕಿ, ಕಿಟಕಿಯ ಪರದೆ ಎಳೆದರೆ ಅಲ್ಲಿ ಕತೆಯಾಟ ಶುರು. ಒಬ್ಬ ಕತೆ ಹೇಳುವವನು, ಉಳಿದವರು ಆ ಕತೆಯೊಳಗಿನ ಮನುಷ್ಯರು. ಅವರು ತಮ್ಮ ಪಾತ್ರದ ಪರವಾಗಿ ಮಾತಾಡುತ್ತಾರೆ, ಬಾಗಿಲು ತೆರೆಯುತ್ತಾರೆ, ಓಡುತ್ತಾರೆ, ಸಾಯುತ್ತಾರೆ. ತಪ್ಪಿಸಿಕೊಂಡರೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಹಲ್ಲಣ್ಣನ ಆಟವೆಲ್ಲ ದೆವ್ವಭೂತದ್ದು. ಅದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ಅದರ ಗುಟ್ಟು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅವನ ಚಿಕ್ಕಮ್ಮ ಇಸ್ಪೀಟಿನಂಥ ಎಲೆ ಹಾಕಿ ಭವಿಷ್ಯ ಹೇಳುತ್ತಿದ್ದವಳು. ಅಡುಗೆಮನೆಯ ಮೇಜಿನ ಮೇಲೆ ನಲವತ್ತು ಚಿತ್ರದ ಎಲೆಗಳನ್ನು ಕಲಸಿ, ಮೂರನ್ನು ಸಾಲಾಗಿ ಇಟ್ಟು, ಬಂದ ಹೆಂಗಸರಿಗೆ ಮುಂದಾಗುವುದನ್ನೆಲ್ಲ ಹೇಳಿಬಿಡುತ್ತಿದ್ದಳು. ಒಂದೂ ನಿಜವಾಗುತ್ತಿರಲಿಲ್ಲ. ಆದರೂ ಹೆಂಗಸರು ಬರುವುದು ನಿಲ್ಲಲಿಲ್ಲ, ಏಕೆಂದರೆ ಅವಳು ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳಲು ಬಿಡುತ್ತಿದ್ದಳು; ಮೂರಕ್ಕೂ ಮುಖ ನೋಡಿ ಉತ್ತರ ಕೊಡುತ್ತಿದ್ದಳು. ಹಲ್ಲಣ್ಣನೂ ಅವನ ಅಕ್ಕನೂ ಆ ಮೇಜಿನ ಕೆಳಗೆ ಕೂತು ಬೆಳೆದವರು. ಚಿಕ್ಕಮ್ಮ ತೀರಿಕೊಂಡಾಗ ಅಕ್ಕ ಅವಳ ಹೊಲಿಗೆ ಯಂತ್ರ ಒಯ್ದಳು, ತಮ್ಮ ಡಬ್ಬಿ ಒಯ್ದ.

ಆಟದಲ್ಲೂ ಅವನು ಮೂರೇ ಎಲೆ ಇಡುತ್ತಿದ್ದ. ಮೊದಲನೆಯದು ಜಾಗ. ಎರಡನೆಯದು ಅಲ್ಲಿ ಎದುರಾಗುವವರು. ಮೂರನೆಯದು ಅವರಿಗೆ ಬೇಕಾದದ್ದು. ದೆವ್ವದ ಕೋರೆಹಲ್ಲಿಗೆ ಯಾರೂ ಹೆದರುವುದಿಲ್ಲ, ಹಲ್ಲಿನ ವಿಷಯ ನನಗೆ ಬಿಡಿ, ಅದಕ್ಕೆ ಏನು ಬೇಕಾಗಿದೆ ಅಂತ ತಿಳಿದಾಗಲೇ ಹೆದರುವುದು ಎಂದು ಅವನು ಹೇಳುತ್ತಿದ್ದ. ಒಮ್ಮೆ ಸೇತುವೆ, ದರ್ಜಿ, ಗುಂಡಿ ಈ ಮೂರು ಎಲೆ ಬಂದವು. ಸೇತುವೆಯ ನಡುವೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತ ದರ್ಜಿಯೊಬ್ಬ ದಾಟುವವರ ಅಂಗಿಯಿಂದ ಒಂದೇ ಒಂದು ಗುಂಡಿ ಕೇಳುತ್ತಿದ್ದ, ಬಹಳ ಮರ್ಯಾದೆಯಿಂದ. ಕೊಟ್ಟವರಿಗೆ ಮನೆಯವರಲ್ಲಿ ಒಬ್ಬರ ಮುಖ ಮರೆತುಹೋಗುತ್ತಿತ್ತು, ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ಆವತ್ತು ಆಟ ಮುಗಿಸಿ ಹೊರಟ ಲಿಫ್ಟ್ ತಾತ ಬೀದಿಯ ತಿರುವಿನಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿ, ಸುಮ್ಮನೆ, ಏನಿಲ್ಲ, ಅಂದನಂತೆ.

ಈ ಲಿಫ್ಟ್ ತಾತ ಹನ್ನೆರಡು ಮಹಡಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಜನರನ್ನು ಮೇಲೆ ಕೆಳಗೆ ಸಾಗಿಸಿ ನಿವೃತ್ತನಾದವನು. ಇನ್ನೊಬ್ಬಳು ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೂವತ್ತರ ಹೆಂಗಸು. ಅವಳನ್ನು ಎಲ್ಲರೂ ಮಾತ್ರೆಯವಳು ಅನ್ನುತ್ತಿದ್ದರು. ಮೂರನೆಯವಳು ಹಲ್ಲಣ್ಣನ ಅಕ್ಕ.

ಆಟಕ್ಕೆ ಎರಡು ಕಟ್ಟಳೆ ಇದ್ದವು. ಬಂದ ಎಲೆ ಬಂದದ್ದೇ, ಬದಲಾಯಿಸುವ ಹಾಗಿಲ್ಲ. ಎರಡನೆಯದು ಚಿಕ್ಕಮ್ಮನಿಂದ ಬಂದದ್ದು: ಎದುರಾದದ್ದಕ್ಕೆ ಮೂರು ಪ್ರಶ್ನೆ ಕೇಳಬಹುದು, ಕತೆ ಹೇಳುವವನು ಸುಳ್ಳು ಹೇಳಬಾರದು. ಈ ಎರಡರ ವಿಷಯದಲ್ಲಿ ಹಲ್ಲಣ್ಣ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಲಿಫ್ಟ್ ತಾತನ ಹೆಂಡತಿ ತೀರಿಕೊಂಡ ಎರಡನೆಯ ವಾರ ಖಾಲಿ ಕುರ್ಚಿಯ ಎಲೆ ಬಂತು. ತಾತ ಬಾಯಿ ಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಬೇಡಿಕೊಂಡ. ಮಾತ್ರೆಯವಳು ಇದೊಂದು ಸಲ ಬಿಡಿ ಅಂದಳು. ಹಲ್ಲಣ್ಣ ಬಿಡಲಿಲ್ಲ. ತಾತ ಆ ಕುರ್ಚಿಯ ಎದುರು ನಿಂತು ತನ್ನ ಮೂರು ಪ್ರಶ್ನೆ ಕೇಳಿ, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಹೋಗುವಾಗ ಹಲ್ಲಣ್ಣನ ಭುಜ ತಟ್ಟಿ ಹೋದ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಮೂರೂವರೆ ವರ್ಷದಿಂದ ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದ.

ಅಕ್ಕನಿಗೆ ಬಹಳ ಕಾದಮೇಲೆ ಹುಟ್ಟಿದ ಮಗನೊಬ್ಬನಿದ್ದ, ಪುಟ್ಟ. ಏಳು ವರ್ಷಕ್ಕೆ ಜ್ವರ ಬಂದು ಆಸ್ಪತ್ರೆ ಸೇರಿ ನಾಲ್ಕನೆಯ ದಿನ ಹೋಗಿಬಿಟ್ಟ. ಅಕ್ಕ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳನ್ನು ತೊಳೆದು ಇಸ್ತ್ರಿ ಮಾಡುವ ಕೆಲಸದವಳು. ಭಾವ ಲಾರಿ ಓಡಿಸುವವನು, ಆವತ್ತು ದೂರದ ದಾರಿಯಲ್ಲಿದ್ದ. ಬೆಳಿಗ್ಗೆ ಡಾಕ್ಟರು ಜ್ವರ ಇಳಿಯುತ್ತಿದೆ ಅಂದದ್ದರಿಂದ ಅಕ್ಕ ಮೂರು ದಿನದ ರಜೆ ಸಾಕೆಂದು ಕೆಳಗೆ ಕೆಲಸಕ್ಕೆ ಇಳಿದಳು, ಮೂರನೆಯ ಮಹಡಿಯಲ್ಲಿ ತಮ್ಮನನ್ನು ಕೂರಿಸಿ. ನಾಲ್ಕು ಗಂಟೆಗೆ ಪಾಳಿ ಮುಗಿಸಿ ಮೇಲೆ ಬರುವ ಹೊತ್ತಿಗೆ ಹತ್ತು ನಿಮಿಷ ತಡವಾಗಿತ್ತು. ಹಲ್ಲಣ್ಣ ಬಾಗಿಲಲ್ಲೇ ಅವಳನ್ನು ತಡೆದು, ನಿದ್ದೆಯಲ್ಲೇ ಹೋದ, ಏನೂ ಕೇಳಲಿಲ್ಲ ಅಂದ.

ಆಮೇಲೆ ಆರು ತಿಂಗಳು ಅಕ್ಕ ಕೆಲಸ, ಮನೆ, ಕೆಲಸ, ಮನೆ. ಬಾಯಿ ಬಿಡಿಸಿದರೆ ಒಂದು ಮಾತು, ಇಲ್ಲದಿದ್ದರೆ ಅದೂ ಇಲ್ಲ. ಒಂದು ದಿನ ತಾನಾಗಿಯೇ, ಭಾನುವಾರ ನಿಮ್ಮ ಆಟಕ್ಕೆ ನಾನೂ ಬರಲಾ ಎಂದು ಕೇಳಿದಳು. ಹಲ್ಲಣ್ಣನಿಗೆ ಹೋದ ಜೀವ ಬಂದಂತಾಯಿತು. ಶನಿವಾರ ಸಂಜೆ ಡಬ್ಬಿ ತೆಗೆದು ಎಲೆಗಳನ್ನು ನೋಡುತ್ತಾ ಕೂತ. ಅದರಲ್ಲಿ ಒಂದು ಮಗುವಿನ ಚಿತ್ರ. ಹೊಸ್ತಿಲ ಮೇಲೆ ನಮಗೆ ಬೆನ್ನು ಮಾಡಿ ಕೂತ ಮಗು, ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದಕ್ಕೆ ಇಲ್ಲ. ಅವನು ಅದನ್ನು ಹೊರಗೆ ತೆಗೆದ. ಹನ್ನೊಂದು ಸೆಟ್ಟಿನ ಕಪಾಟಿನಲ್ಲಿ, ಹಲ್ಲುಗಳ ಹಿಂದೆ, ಗೋಡೆಗೆ ಒರಗಿಸಿ ಇಟ್ಟ. ಅಕ್ಕನ ಸಲುವಾಗಿ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿಯೂ ನಂಬಿದ.

ಅಕ್ಕ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆಟದಲ್ಲಿ ಅವಳದ್ದೊಂದು ವಿಚಿತ್ರ ರೀತಿ: ಎಂಥ ಭೂತ ಬಂದರೂ ಹೆದರುತ್ತಿರಲಿಲ್ಲ, ಓಡುತ್ತಿರಲಿಲ್ಲ. ಎರಡನೆಯ ಎಲೆ ಮಗುಚುವಾಗ ಮಾತ್ರ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದಳು. ಎಲೆ ನೋಡಿ ಮತ್ತೆ ಹಿಂದಕ್ಕೆ ಒರಗುತ್ತಿದ್ದಳು. ಅಕ್ಕನಿಗೆ ಆಟದ ರುಚಿ ಹತ್ತಿದೆ ಎಂದು ಹಲ್ಲಣ್ಣ ಒಳಗೊಳಗೇ ಬೀಗುತ್ತಿದ್ದ. ಇಂಥ ದಡ್ಡತನವನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಮಾತ್ರೆಯವಳ ಅಕ್ಕರೆಯಿಂದ. ಎಲೆಗಳ ಅಂಚು ಸವೆದು ಹತ್ತಿಯಂತಾಗಿವೆ ಎಂದು ಅವಳು ಪ್ಲಾಸ್ಟಿಕ್ಕಿನ ಸಣ್ಣ ಲಕೋಟೆಗಳನ್ನು ತಂದಳು. ಡಬ್ಬಿಯ ಮುಚ್ಚಳದ ಒಳಗೆ ಚಿಕ್ಕಮ್ಮ ಪೆನ್ಸಿಲಿನಲ್ಲಿ ನಲವತ್ತು ಎಂದು ಬರೆದದ್ದನ್ನು ನೋಡಿದ್ದಳು, ಸರಿಯಾಗಿ ನಲವತ್ತೇ ತಂದಳು. ಹಲ್ಲಣ್ಣ ಒಳಗೆ ಚಹಾ ಮಾಡಿ ತರುವಷ್ಟರಲ್ಲಿ ಮೂವರೂ ಸೇರಿ ಎಲೆಗಳನ್ನೆಲ್ಲ ಲಕೋಟೆಗೆ ಹಾಕಿ ಮುಗಿಸಿದ್ದರು. ಒಂದು ಲಕೋಟೆ ಮಿಕ್ಕಿತ್ತು.

ಲಿಫ್ಟ್ ತಾತ ಮೇಜಿನ ಕೆಳಗೆ ಹುಡುಕಿದ. ಮಾತ್ರೆಯವಳು, ಎರಡು ಎಲೆ ಒಂದಕ್ಕೊಂದು ಅಂಟಿರಬೇಕು ಎಂದು ಮತ್ತೆ ಎಣಿಸಿದಳು. ಅಕ್ಕ ಎಣಿಸಲಿಲ್ಲ. ಮೇಜಿನ ಕೆಳಗೆ ಕೂತು ಬೆಳೆದವಳಿಗೆ ಯಾವ ಎಲೆ ಇಲ್ಲವೆಂದು ಎಣಿಸಿ ತಿಳಿಯಬೇಕಾಗಿರಲಿಲ್ಲ. ಚಹಾ ಲೋಟಗಳನ್ನು ಹಿಡಿದು ಬಂದ ತಮ್ಮನ ಮುಖ ನೋಡಿದಳು. ಆ ಮುಖ ಸುಣ್ಣದ ಗೋಡೆಯಾಗಿತ್ತು, ಪ್ಲಾಸ್ಟರಿನ ಪುಡಿ ಇಲ್ಲದೆಯೂ.

"ಮಗು ಎಲ್ಲಿ?" ಎಂದು ಕೇಳಿದಳು.

ಅವನು ಲೋಟಗಳನ್ನು ಇಟ್ಟ. ನಿನಗೆ ನೋವಾಗಬಾರದು ಅಂತ, ನೀನು ಆಗಷ್ಟೇ, ಇನ್ನೂ ಆರು ತಿಂಗಳಾಗಿತ್ತಷ್ಟೇ, ಎಂದು ತಡವರಿಸಿದ. ಒಂದು ವಾಕ್ಯವೂ ಕೊನೆ ಮುಟ್ಟಲಿಲ್ಲ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಗ್ಗಿದ ಧ್ವನಿಯಲ್ಲಿ ಹೇಳಿದಳು:

"ನಾನು ಇಲ್ಲಿಗೆ ಬರ್ತಿದ್ದದ್ದೇ ಅದಕ್ಕೆ. ಮೂರೂವರೆ ವರ್ಷ, ಪ್ರತಿ ಭಾನುವಾರ. ಒಂದು ದಿನ ಬಂದೇ ಬರತ್ತೆ, ಬಂದಾಗ ಮಾತಾಡಿಸ್ತೀನಿ ಅಂತ. ಎಲ್ಲಾ ಎಲೆ ಹತ್ತತ್ತು ಸಲ ಬಂತು, ಅದು ಬರಲೇ ಇಲ್ಲ. ನನ್ನ ಮೇಲೆ ಮುನಿಸಿಕೊಂಡಿದಾನೆ ಅಂದ್ಕೊಂಡೆ. ಸಾಯೋವಾಗ ಹತ್ರ ಇರಲಿಲ್ಲವಲ್ಲ, ಅದಕ್ಕೇ ಈಗ್ಲೂ ಬರಲ್ಲ ಅಂತಿದಾನೆ ಅಂದ್ಕೊಂಡೆ."

ಹಲ್ಲಣ್ಣನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಲಿಫ್ಟ್ ತಾತ ಕನ್ನಡಕ ತೆಗೆದು ಒರೆಸುತ್ತಾ, ಅವನ ಕಡೆ ನೋಡದೆ ಅಂದ, "ನನಗೆ ಕುರ್ಚಿ ಬಂದಾಗ ನೀನು ಬಿಡಲಿಲ್ಲವಲ್ಲಪ್ಪ."

ಆ ಮಾತಿಗೆ ಹಲ್ಲಣ್ಣ ಸ್ಟೂಲು ಹತ್ತಿ, ಹಲ್ಲುಗಳ ಹಿಂದೆ ಕೈ ಹಾಕಿ ಎಲೆಯನ್ನು ತೆಗೆದ. ಅಕ್ಕ ಅದನ್ನು ಸೆರಗಿನಿಂದ ಒರೆಸಿ, ಮಿಕ್ಕಿದ ಲಕೋಟೆಗೆ ಹಾಕಿದಳು. ಉಳಿದ ಎಲೆಗಳ ಕಟ್ಟಿಗೆ ಸೇರಿಸಿ ಕಲಸೋಣವೆಂದು ಮಾತ್ರೆಯವಳು ಕೈ ಚಾಚಿದಾಗ ಅಕ್ಕ ಬೇಡವೆಂದಳು. ಇದರ ಸರದಿ ಎಷ್ಟೋ ಸಲ ಬಂದು ಹೋಗಿದೆ, ಇನ್ನು ಕಾಯುವ ಹಾಗಿಲ್ಲ ಅಂದು, ಎರಡನೆಯ ಎಲೆಯ ಜಾಗದಲ್ಲಿ ಅದನ್ನು ತಾನೇ ಇಟ್ಟಳು. ಮೊದಲನೆಯದನ್ನೂ ಮೂರನೆಯದನ್ನೂ ಕಟ್ಟಿನಿಂದ ತೆಗೆಯಲು ತಮ್ಮನಿಗೆ ಹೇಳಿದಳು.

ಮೊದಲು ಬಂದದ್ದು ಮೆಟ್ಟಿಲು. ಕೊನೆಯದು ಗಂಟೆ.

ಭಾನುವಾರದ ಆಟದ ಹನ್ನೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ಕತೆ ಶುರುಮಾಡಿತು. ಕೆಳಗಿಳಿಯುವ ಮೆಟ್ಟಿಲು, ಕೆಳಗೆಲ್ಲೋ ಯಂತ್ರಗಳ ಸದ್ದು, ಬಿಸಿ ಹಬೆ, ಗಂಜಿ ಹಾಕಿದ ಬಟ್ಟೆಯ ವಾಸನೆ. ನಾಲ್ಕು ಮಾತು ಮುಗಿಯುವಷ್ಟರಲ್ಲಿ ತಾನು ಯಾವ ಮೆಟ್ಟಿಲ ಕತೆ ಹೇಳುತ್ತಿದ್ದೇನೆಂದು ಅವನಿಗೇ ಹೊಳೆಯಿತು. ಮೇಲಿನ ಮೆಟ್ಟಿಲಲ್ಲಿ ಮಗುವೊಂದು ಬೆನ್ನು ಮಾಡಿ ಕೂತಿದೆ ಎಂದಷ್ಟೇ ಹೇಳಿ ನಿಲ್ಲಿಸಿದ.

ಅಕ್ಕ ತನ್ನ ಮೊದಲ ಪ್ರಶ್ನೆ ಕೇಳಿದಳು. "ಅದಕ್ಕೆ ಏನು ಬೇಕು?"

ಗಂಟೆಯ ಎಲೆಯಿಂದ ಅವನು ಏನು ಬೇಕಾದರೂ ಹುಟ್ಟಿಸಬಹುದಿತ್ತು. ಶಾಲೆಯ ಗಂಟೆ, ಸೈಕಲ್ಲಿನ ಗಂಟೆ, ಕಳೆದುಹೋದ ಆಟದ ಸಾಮಾನು. ಅಷ್ಟು ಚಾಕಚಕ್ಯತೆ ಅವನಿಗಿತ್ತು. ಆದರೆ ಕಟ್ಟಳೆ ಅವನದ್ದೇ, ಎದುರಿಗೆ ಕೂತವಳು ಅಕ್ಕ. ಅವಳ ಸಲುವಾಗಿ ಎಂದು ಅವನು ಇಷ್ಟು ದಿನ ಹೇಳಿಕೊಂಡದ್ದು ಆ ಕ್ಷಣಕ್ಕೆ ಬಿದ್ದುಹೋಯಿತು. ಆ ಎಲೆ ಬಂದರೆ ಈ ಪ್ರಶ್ನೆ ಬರುತ್ತದೆ, ಈ ಪ್ರಶ್ನೆ ಬಂದರೆ ತಾನು ಉತ್ತರ ಹೇಳಬೇಕಾಗುತ್ತದೆ ಎಂದು ಹೆದರಿಯೇ ಅವನು ಅದನ್ನು ಬಚ್ಚಿಟ್ಟದ್ದು.

"ಅಮ್ಮನ್ನ ಕರಿ ಅಂತು," ಅಂದ. "ಅಷ್ಟೇ ಬೇಕಾಗಿತ್ತು ಅದಕ್ಕೆ. ಇನ್ನು ಅರ್ಧ ಗಂಟೆ, ಪಾಳಿ ಮುಗಿದ ಕೂಡ್ಲೇ ಬರ್ತಾಳೆ ಅಂದೆ. ನನ್ನ ಬೆರಳು ಹಿಡ್ಕೊಂಡಿತ್ತು. ಬಿಡಿಸಿಕೊಂಡು ಹೋದರೆ ಅಳತ್ತೆ ಅನ್ನಿಸ್ತು. ಜ್ವರ ಇಳೀತಿದೆ ಅಂದಿದ್ರಲ್ಲ. ಹೋಗಲಿಲ್ಲ."

ಮಾತ್ರೆಯವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕನ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯ ಪ್ರಶ್ನೆ ಬಂತು, ಎಷ್ಟು ಸಲ ಕೇಳಿತು ಎಂದು. ಎರಡು ಸಲ ಎಂದ. ಅಕ್ಕ ತಲೆಯಾಡಿಸಿ, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವಳ ಚಹಾ ಹಾಗೆಯೇ ಇತ್ತು.

ಅರ್ಧಕ್ಕೆ ನಿಂತ ಆಟದ ಎಲೆಗಳನ್ನು ಮೇಜಿನಿಂದ ತೆಗೆಯುವ ಪದ್ಧತಿ ಅವರಲ್ಲಿ ಇರಲಿಲ್ಲ. ಮುಂದಿನ ವಾರದವರೆಗೆ ಒಂದು ಮೂಲೆಗೆ ಸರಿಸಿ ಇಡುತ್ತಿದ್ದರು, ಅಷ್ಟೇ. ಮುಂದಿನ ವಾರ ಅಕ್ಕ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಭಾವ ಬಾಗಿಲು ತೆರೆದು, ಮಲಗಿದ್ದಾಳೆ ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಹಲ್ಲಣ್ಣ ಹಿಂದಿರುಗಿ ಬಂದು, ಮೂರು ಎಲೆಗಳಿಗೆ ತಾಗದಂತೆ ಮೇಜಿನ ಇನ್ನೊಂದು ಬದಿಯಲ್ಲಿ ಕೆಲಸಕ್ಕೆ ಕೂತ. ಐದು ವಾರದಲ್ಲಿ ಲಕೋಟೆಗಳ ಮೇಲೆ ಬಿಳಿ ಪುಡಿ ಕೂತು ಮಗುವಿನ ಬೆನ್ನು ಮಸುಕಾಯಿತು. ಆ ಐದು ವಾರದಲ್ಲಿ ಅವನು ಮಾಡಿದ ಎರಡು ಸೆಟ್ಟು ಬಾಯಿಗೆ ಕೂರಲಿಲ್ಲವೆಂದು ವಾಪಸ್ ಬಂದವು. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಆರನೆಯ ವಾರ, ಗುರುವಾರ ಮಧ್ಯಾಹ್ನ, ಅವನು ಮೇಣ ಕರಗಿಸುತ್ತಿದ್ದಾಗ ಅಕ್ಕ ಬಂದಳು. ಕೆಲಸದ ನೀಲಿ ಅಂಗಿಯಲ್ಲೇ ಇದ್ದಳು, ಊಟದ ಬಿಡುವಿನಲ್ಲಿ ಬಂದಿರಬೇಕು. ಅವಳು ಎಲೆಗಳ ಎದುರು ಕೂತು, ನಡುವಿನ ಲಕೋಟೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಒಂದು ಪ್ರಶ್ನೆ ಉಳಿದಿದೆ ನನ್ನದು," ಅಂದಳು. "ಮುನಿಸಿಕೊಂಡಿತ್ತಾ ನನ್ನ ಮೇಲೆ?"

ಹಲ್ಲಣ್ಣ ಒಲೆ ಆರಿಸಿದ. ನಾಲ್ಕು ವರ್ಷದಿಂದ ಅವನು ಆ ಮಧ್ಯಾಹ್ನದ ಕಡೆ ತಿರುಗಿ ನೋಡಿರಲಿಲ್ಲ. ಏನೂ ಕೇಳಲಿಲ್ಲ ಎಂದು ಒಮ್ಮೆ ಹೇಳಿದಮೇಲೆ, ಅದಕ್ಕೆ ಮುಂಚಿನದ್ದನ್ನೂ ಆಮೇಲಿನದ್ದನ್ನೂ ಸೇರಿಸಿಯೇ ಹೂತುಹಾಕಬೇಕಾಗಿತ್ತು. ಈಗ ಒಂದೊಂದೇ ಮಾತನ್ನು ಅಗೆದು ತೆಗೆದ.

"ಇಲ್ಲಕ್ಕ. ಎರಡನೇ ಸಲ ಕೇಳಿದಮೇಲೆ ತಾನೇ ಹೇಳ್ತು. 'ಹೋಗ್ಲಿ ಬಿಡು ಮಾವ, ಅಮ್ಮಂಗೆ ಕೆಲಸ ಇರತ್ತೆ, ಮುಗಿಸ್ಕೊಂಡು ಬರ್ತಾಳೆ' ಅಂತು. ಅಂದು ಕಣ್ಣು ಮುಚ್ಚಿಕೊಳ್ತು."

ಬೀದಿಯಲ್ಲಿ ಯಾರೋ ಅಂಗಡಿಯ ಶಟರ್ ಎಳೆಯುವ ಸದ್ದು ಕೇಳಿಸಿತು. ಅಕ್ಕ ಬಹಳ ಹೊತ್ತು ಆ ಮಾತನ್ನು ಬಾಯೊಳಗೇ ಹೇಳಿಕೊಂಡಳು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವಳ ಮಗ ಅವಳಿಗೆಂದು ಬಿಟ್ಟುಹೋಗಿದ್ದದ್ದು ಅದೊಂದೇ ಮಾತು. ಅದು ನಾಲ್ಕು ವರ್ಷ ಹಲ್ಲುಗಳ ಹಿಂದೆ, ಗೋಡೆಗೆ ಒರಗಿ ಕೂತಿತ್ತು. ಆಮೇಲೆ ಅವಳು ತಲೆಯೆತ್ತಿದಾಗ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಧ್ವನಿ ನೆಟ್ಟಗಿತ್ತು.

"ಇದನ್ನೂ ನೀನೇ ಇಟ್ಕೊಂಡಿದ್ದೆಯಾ?"

ಅದು ನಾಲ್ಕನೆಯ ಪ್ರಶ್ನೆ. ಕಟ್ಟಳೆಯ ಪ್ರಕಾರ ಅದಕ್ಕೆ ಅವನು ಉತ್ತರ ಕೊಡಬೇಕಾಗಿರಲಿಲ್ಲ. ಹೌದು ಎಂದ.

ಅಕ್ಕ ಮಗುವಿನ ಎಲೆಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲನ್ನೂ ಗಂಟೆಯನ್ನೂ ಅಲ್ಲೇ ಬಿಟ್ಟು, ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದಳು.